ಡೆನಾಲಿಯ ಗೇಟು ತಡೆಯುವುದು ಯಾರನ್ನು?

ಆಗಸ್ಟ್ ತಿಂಗಳ ಕೊನೆಯ ವಾರಗಳು ಅಲಾಸ್ಕಾದ ಕಾಡುಗಳನ್ನು ನೋಡಲು ಪ್ರಶಸ್ತವಾದ ಕಾಲವೆಂದು ಪ್ರವಾಸೋದ್ಯಮ ಸಾರುತ್ತದೆ. ಆ ಮಾತು ಸುಳ್ಳಲ್ಲ. ಉತ್ತರದ ಕಿರುಬೇಸಗೆ ಆಗ ಮುಗಿಯುತ್ತ ಬಂದಿರುತ್ತದೆ. ಸೊಳ್ಳೆಗಳ ಕಾಟ ತಗ್ಗಿರುತ್ತದೆ. ಮರಗಳಿಲ್ಲದ ತುಂಡ್ರಾ ಬಯಲು ಕೆಂಪು, ಕಿತ್ತಳೆ, ಹಳದಿ ಬಣ್ಣಗಳಿಗೆ ತಿರುಗಿರುತ್ತದೆ. ಬ್ಲೂಬೆರಿ ಹಣ್ಣು ಮಾಗಿರುತ್ತದೆ. ಚಳಿಗಾಲದ ದೀರ್ಘನಿದ್ರೆಗಾಗಿ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವ ಕರಡಿಗಳು ಹಗಲೆಲ್ಲ ಇಳಿಜಾರುಗಳಲ್ಲಿ ಆ ಹಣ್ಣನ್ನು ಮೇಯುತ್ತಿರುತ್ತವೆ. ಅಮೆರಿಕದ ನಗರಗಳಲ್ಲಿ ಉದ್ಯೋಗದಲ್ಲಿರುವ ಮಲೆನಾಡಿನ ಯುವಕ ಯುವತಿಯರೂ ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನದ ರಜೆಗೆ ನಾಲ್ಕು ದಿನ ಸೇರಿಸಿಕೊಂಡು ಡೆನಾಲಿ, ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವಾಸದ ಯೋಜನೆ ಹಾಕುತ್ತಾರೆ. ಅವರು ಕಳುಹಿಸುವ ಚಿತ್ರಗಳು ನಮ್ಮ ಹಳ್ಳಿಮನೆಗಳ ಜಗಲಿಯವರೆಗೂ ತಲುಪುತ್ತವೆ.

ಚಿತ್ರಗಳ ಜೊತೆಗೆ ಒಂದು ವಾದವೂ ತಲುಪುತ್ತದೆ. “ನೋಡಿ, ಎಷ್ಟು ದೂರ ಕಣ್ಣು ಹಾಯಿಸಿದರೂ ಒಬ್ಬ ಮನುಷ್ಯನಿಲ್ಲ. ಕಾಡೆಂದರೆ ಹೀಗಿರಬೇಕು. ನಮ್ಮಲ್ಲಿ ಕಾಡಿನೊಳಗೇ ಮನೆ, ಗದ್ದೆ, ದನ. ಜನರನ್ನು ಹೊರಗೆ ಕಳಿಸಿ, ಒಳ್ಳೆಯ ರಸ್ತೆ ಮಾಡಿ, ಪ್ರವಾಸಿಗರನ್ನು ಕರೆದರೆ ಕಾಡೂ ಉಳಿಯುತ್ತದೆ, ಹಣವೂ ಬರುತ್ತದೆ.” ಈ ವಾದವನ್ನು ಪ್ರವಾಸಿಗರಷ್ಟೇ ಆಡುವುದಿಲ್ಲ, ಅಧಿಕಾರದ ಕುರ್ಚಿಗಳಲ್ಲಿ ಕುಳಿತವರೂ ಆಡುತ್ತಾರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿರಬೇಕು. ಅಲಾಸ್ಕಾ ಕಲಿಸುವ ಪಾಠ ಇದಕ್ಕೆ ನೇರ ವಿರುದ್ಧವಾದುದು. ಅಲ್ಲಿ ಕಾಡಿನ ಗೇಟು ತಡೆಯುವುದು ಮುಖ್ಯವಾಗಿ ಪ್ರವಾಸಿಗನ ಕಾರನ್ನು. ಕಾಡನ್ನು ನಂಬಿ ಬದುಕುವ ಹಳ್ಳಿಯವನ ಕಾಲನ್ನಲ್ಲ.

ಮೊದಲು ಗೇಟಿನ ಸಂಗತಿಯನ್ನೇ ನೋಡೋಣ. ಡೆನಾಲಿ ರಾಷ್ಟ್ರೀಯ ಉದ್ಯಾನ ಮತ್ತು ಅದಕ್ಕೆ ಹೊಂದಿದ ರಕ್ಷಿತ ಪ್ರದೇಶದ ಒಟ್ಟು ವಿಸ್ತೀರ್ಣ ಸುಮಾರು 60 ಲಕ್ಷ ಎಕರೆ. ನಮ್ಮ ಶಿವಮೊಗ್ಗ ಜಿಲ್ಲೆಯ ಹೆಚ್ಚುಕಡಿಮೆ ಮೂರು ಪಟ್ಟು. ಇಷ್ಟು ದೊಡ್ಡ ಉದ್ಯಾನದ ಒಡಲಿನೊಳಗೆ ಹೋಗುವ ರಸ್ತೆ ಒಂದೇ. ಅದರ ಉದ್ದ 148 ಕಿಲೋಮೀಟರ್. ಬೇಸಗೆಯಲ್ಲಿ ಖಾಸಗಿ ಕಾರುಗಳಿಗೆ ಪ್ರವೇಶವಿರುವುದು ಮೊದಲ 24 ಕಿಲೋಮೀಟರಿಗೆ ಮಾತ್ರ. ಸ್ಯಾವೇಜ್ ನದಿಯ ಸೇತುವೆಯ ಬಳಿ ಡಾಂಬರು ಮುಗಿಯುತ್ತದೆ, ಕಾರಿನ ಹಕ್ಕೂ ಮುಗಿಯುತ್ತದೆ. ಮುಂದಿನದು ಮಣ್ಣುರಸ್ತೆ. ಕೋಟ್ಯಧೀಶನಾದರೂ ಮುಂದೆ ಹೋಗಬೇಕಾದರೆ ಬಸ್ಸು ಹತ್ತಬೇಕು, ಸೈಕಲ್ ತುಳಿಯಬೇಕು ಇಲ್ಲವೇ ನಡೆಯಬೇಕು. ಸೇತುವೆಯಿಂದಾಚೆಗೆ ದಿನವೊಂದಕ್ಕೆ ಬಸ್ಸುಗಳೂ ಸೇರಿ 160ಕ್ಕಿಂತ ಹೆಚ್ಚು ವಾಹನಗಳು ಹೋಗಕೂಡದೆಂದು 2012ರ ಯೋಜನೆ ಮಿತಿ ಹಾಕಿತು. ಋತು ಮುಗಿದ ಮೇಲೆ ಸೆಪ್ಟೆಂಬರಿನ ಕೆಲವೇ ದಿನ ಖಾಸಗಿ ಕಾರುಗಳನ್ನು ಬಿಡುವ ಪದ್ಧತಿಯುಂಟು. ಅದಕ್ಕೂ ಲಾಟರಿ ಎತ್ತುತ್ತಾರೆ. ಶಿಫಾರಸು ಪತ್ರ ಅಲ್ಲಿ ನಡೆಯುವುದಿಲ್ಲ.

ಈ ನಿಯಮ ಹುಟ್ಟಿದ ಬಗೆಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. 1917ರಲ್ಲಿ ಉದ್ಯಾನ ಸ್ಥಾಪನೆಯಾದ ಮೇಲೆ ಅರ್ಧ ಶತಮಾನ ಅಲ್ಲಿಗೆ ಹೋಗುವುದೇ ದುರ್ಗಮವಾಗಿತ್ತು. 1971ರಲ್ಲಿ ಆಂಕರೇಜ್ ಮತ್ತು ಫೇರ್‌ಬ್ಯಾಂಕ್ಸ್ ನಗರಗಳನ್ನು ಜೋಡಿಸುವ ಹೆದ್ದಾರಿ ಪೂರ್ಣಗೊಂಡಿತು. ಇನ್ನು ಕಾರುಗಳ ಮಹಾಪೂರ ಬರುವುದು ಖಚಿತವೆಂದು ಉದ್ಯಾನದ ಆಡಳಿತಕ್ಕೆ ತಿಳಿಯಿತು. ಆಗ ರಸ್ತೆಯನ್ನು ಅಗಲ ಮಾಡುವ ದಾರಿಯೂ ಇತ್ತು. ಅವರು ಅದನ್ನು ಬಿಟ್ಟು 1972ರಲ್ಲಿ ಬಸ್ಸಿನ ಪದ್ಧತಿಯನ್ನು ತಂದರು. ಹೆದ್ದಾರಿ ಮುಗಿದ ಮರುವರ್ಷವೇ! ಕಾಡು ಹಾಳಾದ ಮೇಲೆ ಸಮಿತಿ ರಚಿಸಿ, ವರದಿ ತರಿಸಿ, ಆ ವರದಿಯ ಮೇಲೆ ಇನ್ನೊಂದು ಸಮಿತಿ ರಚಿಸುವ ಪರಿಪಾಠಕ್ಕೆ ಒಗ್ಗಿಹೋದ ನಮಗೆ ಇದು ವಿಚಿತ್ರವಾಗಿ ಕಂಡೀತು. ಇಂದಿಗೂ ಅಲ್ಲಿ ಕರಡಿ, ತೋಳ, ಕ್ಯಾರಿಬೂ ಜಿಂಕೆಗಳು ರಸ್ತೆಯಂಚಿನಲ್ಲಿಯೇ ಕಾಣಸಿಗುತ್ತವೆ. ಅದಕ್ಕೆ ಕಾರಣವಾದ ಸಂಯಮವನ್ನು ಮರೆತು, ದೃಶ್ಯದ ಸೊಬಗನ್ನು ಮಾತ್ರ ಹೊಗಳುವುದು ಅರ್ಧ ಸತ್ಯ.

ಇನ್ನರ್ಧ ಸತ್ಯ ಇದಕ್ಕಿಂತ ಮುಖ್ಯವಾದುದು. ಅಲಾಸ್ಕಾದ ಆ ಭೂಮಿ ನಿರ್ಜನವಲ್ಲ, ಎಂದೂ ನಿರ್ಜನವಾಗಿರಲಿಲ್ಲ. ಡೆನಾಲಿ ಎಂಬ ಹೆಸರೇ ಅಲ್ಲಿನ ಕೊಯುಕಾನ್ ಜನರ ಮಾತಿನಿಂದ ಬಂದುದು. ಎತ್ತರವಾದದ್ದು ಎಂಬುದು ಅದರ ಅರ್ಥ. 6,190 ಮೀಟರ್ ಎತ್ತರದ ಆ ಪರ್ವತಕ್ಕೆ, ಅಲಾಸ್ಕಾಕ್ಕೆ ಒಮ್ಮೆಯೂ ಕಾಲಿಡದ ಅಧ್ಯಕ್ಷ ಮೆಕಿನ್ಲಿಯ ಹೆಸರನ್ನು ಹೊರಗಿನವರು ಅಂಟಿಸಿದರು. 2015ರಲ್ಲಿ ಅಮೆರಿಕ ಸರ್ಕಾರ ಮೂಲ ಹೆಸರನ್ನು ಮರಳಿಸಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿ ಮತ್ತೆ ಮೆಕಿನ್ಲಿ ಎಂದೇ ಕರೆಯಬೇಕೆಂದರು. ಉದ್ಯಾನದ ಹೆಸರು ಮಾತ್ರ ಡೆನಾಲಿಯಾಗಿಯೇ ಉಳಿಯಿತು.

1980ರ ಡಿಸೆಂಬರ್ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಅಲಾಸ್ಕಾ ಭೂಸಂರಕ್ಷಣಾ ಕಾಯಿದೆ 10 ಕೋಟಿ ಎಕರೆಗೂ ಮಿಕ್ಕಿದ ಭೂಮಿಗೆ ರಕ್ಷಣೆ ಕೊಟ್ಟಿತು. ಅಷ್ಟು ಭೂಮಿಯನ್ನು ಒಂದೇ ಏಟಿಗೆ ಕಾಪಿಟ್ಟ ಅದೇ ಕಾಯಿದೆ ಇನ್ನೊಂದು ಮಾತನ್ನೂ ಬರೆಯಿತು. ಬೇಟೆ, ಮೀನು, ಹಣ್ಣು, ಸೌದೆಗಳಿಂದ ಜೀವನ ಸಾಗಿಸುವ ಗ್ರಾಮೀಣ ಜನರ ಬದುಕು ಮುಂದುವರಿಯಬೇಕು ಎಂಬುದು ಆ ಮಾತು. ಡೆನಾಲಿಗೆ 1980ರಲ್ಲಿ ಹೊಸದಾಗಿ ಸೇರಿದ ಭಾಗಗಳಲ್ಲಿ ಕ್ಯಾಂಟ್‌ವೆಲ್, ನಿಕೊಲಾಯ್, ಟೆಲಿಡಾ, ಮಿಂಚುಮಿನಾ ಎಂಬ ಹಳ್ಳಿಗಳ ನಿವಾಸಿಗಳಿಗೆ ಈ ಹಕ್ಕು ಉಂಟು. ಇನ್ನೂ ಉತ್ತರದ ಗೇಟ್ಸ್ ಆಫ್ ದಿ ಆರ್ಕ್ಟಿಕ್ ಉದ್ಯಾನದಲ್ಲಿ ರಸ್ತೆಯಿಲ್ಲ, ನಿರ್ಮಿಸಿದ ಕಾಲುದಾರಿಯೂ ಇಲ್ಲ. ಆದರೆ ಅದರ ಎಲ್ಲೆಯೊಳಗೆ ಅನಕ್ಟುವುಕ್ ಪಾಸ್ ಎಂಬ ಊರಿದೆ. ಅಲ್ಲಿ ಕ್ಯಾರಿಬೂ ಬೇಟೆಯನ್ನೇ ನೆಚ್ಚಿಕೊಂಡು ಬಂದ ನುನಾಮಿಯುಟ್ ಜನರು ವಾಸಿಸುತ್ತಾರೆ. ರಾಷ್ಟ್ರೀಯ ಉದ್ಯಾನದೊಳಗೆ ಊರಿರಲು ಸಾಧ್ಯವೇ ಎಂದು ನಮ್ಮಲ್ಲಿ ಕೇಳುವವರಿಗೆ ಉತ್ತರ ಅಲ್ಲಿದೆ.

ಇದನ್ನು ಸ್ವರ್ಗವೆಂದು ಯಾರೂ ಭಾವಿಸಬೇಕಾಗಿಲ್ಲ. ಡೆನಾಲಿಯ ಹಳೆಯ ಉದ್ಯಾನಭಾಗದಲ್ಲಿ ಬೇಟೆ ಇಂದಿಗೂ ನಿಷಿದ್ಧ. ಹಕ್ಕನ್ನು ಕಸಿದುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಗ್ಲೇಸಿಯರ್ ಬೇ ಕನ್ನಡಿ. ಆ ಕೊಲ್ಲಿ ಹೂನಾ ಟ್ಲಿಂಗಿಟ್ ಜನರ ತವರು. ಹದಿನೆಂಟನೆಯ ಶತಮಾನದಲ್ಲಿ ಮುನ್ನುಗ್ಗಿದ ಹಿಮನದಿ ಅವರ ಊರನ್ನು ನುಂಗಿತು. ಹಿಮ ಹಿಂದೆ ಸರಿದಾಗ ಅವರು ಮೀನಿಗೂ ಮೊಟ್ಟೆಗೂ ಹಣ್ಣಿಗೂ ಮರಳಿ ಬಂದರು. 1925ರಲ್ಲಿ ಅದು ಸಂರಕ್ಷಿತ ಸ್ಮಾರಕವಾಯಿತು, 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಡಲಹಕ್ಕಿಯ ಮೊಟ್ಟೆ ಹೆಕ್ಕುವ ಅವರ ಪೂರ್ವಿಕರ ಪದ್ಧತಿಯನ್ನು 1960ರ ದಶಕದಲ್ಲಿ ನಿಲ್ಲಿಸಲಾಯಿತು. ಅತ್ತ ಸಾವಿರಾರು ಪ್ರಯಾಣಿಕರನ್ನು ಹೊತ್ತ ವಿಹಾರದ ಹಡಗುಗಳು ಕೊಲ್ಲಿಯೊಳಕ್ಕೆ ಬರತೊಡಗಿದವು. ಅವುಗಳಿಗೂ ಈಗ ದಿನಕ್ಕೆ ಎರಡೇ ಎಂಬ ಮಿತಿ ಇದೆ, ನಿಜ. ಆದರೆ ನಾಲ್ಕು ಮೊಟ್ಟೆ ಹೆಕ್ಕುವ ಅಜ್ಜಿಯಿಂದ ಕಾಡಿಗೆ ಅಪಾಯ, ಹೊಗೆಯುಗುಳುವ ಹಡಗಿನಿಂದ ಅಪಾಯವಿಲ್ಲ ಎಂಬುದು ಯಾವ ಶಾಸ್ತ್ರ? ದಶಕಗಳ ಒತ್ತಾಯದ ಬಳಿಕ 2014ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿ ಮೊಟ್ಟೆ ಹೆಕ್ಕಲು ಮತ್ತೆ ಅವಕಾಶ ಕಲ್ಪಿಸಿತು. 2016ರ ಆಗಸ್ಟಿನಲ್ಲಿ ಆ ಕೊಲ್ಲಿಯ ದಡದಲ್ಲಿ ಅವರ ಕುಲದ ಮನೆಯೊಂದು ಎದ್ದು ನಿಂತಿತು.

ಈ ಕತೆ ನಮಗೆ ಪರಕೀಯವೇ? ನಾಗರಹೊಳೆಯ ಕಾಡಿನಿಂದ ಜೇನುಕುರುಬರನ್ನು ಹೊರಕ್ಕೆ ಕಳುಹಿಸುತ್ತಿದ್ದ ಕಾಲದಲ್ಲಿಯೇ, 1990ರ ದಶಕದಲ್ಲಿ, ಅದೇ ಕಾಡಿನ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಸಂಸ್ಥೆಯೊಂದರ ವಸತಿಗೃಹಕ್ಕೆ ಜಾಗ ಕೊಡಲಾಯಿತು. ಆದಿವಾಸಿಗಳ ಹೋರಾಟ ಮತ್ತು 1997ರ ಹೈಕೋರ್ಟ್ ತೀರ್ಪು ಅದನ್ನು ತಡೆದವು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಅಂತ್ಯದವರೆಗೂ ನಡೆಯಿತು. ಬೆಟ್ಟವನ್ನೇ ಕೊರೆಯುವ ಯಂತ್ರಕ್ಕೆ ಇದ್ದ ಜಾಗ ಹತ್ತು ಗುಂಟೆ ಗದ್ದೆಯ ರೈತನಿಗೆ ಇಲ್ಲವಾಗುವುದು ಹೇಗೆ? 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ ಜನರನ್ನು ಸ್ಥಳಾಂತರಿಸಬೇಕಾದರೂ ಗ್ರಾಮಸಭೆಯ ಮುಕ್ತ ಒಪ್ಪಿಗೆ ಬೇಕು. ಅಂದರೆ ಅಲಾಸ್ಕಾದ ಮಾತು ನಮ್ಮ ಕಾಯಿದೆಯಲ್ಲಿಯೂ ಬಂದಿದೆ. ಆಚರಣೆಗೆ ಬರಬೇಕಷ್ಟೇ.

ಪ್ರವಾಸಿಗರಿಂದ ಉದ್ಯೋಗ ಬರುತ್ತದೆ, ಮಿತಿ ಹೇರಿದರೆ ಬಡವನ ಹೊಟ್ಟೆಗೇ ಪೆಟ್ಟು ಎನ್ನುವವರುಂಟು. ಇದು ತಳ್ಳಿಹಾಕುವ ಮಾತಲ್ಲ. ಆದರೆ ಅಲಾಸ್ಕಾದ ರಾಜಧಾನಿ ಜೂನೋವನ್ನು ನೋಡಬೇಕು. ಸುಮಾರು 30 ಸಾವಿರ ಜನರ ಆ ಊರಿಗೆ 2023ರಲ್ಲಿ ಹಡಗುಗಳಿಂದಲೇ 16 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿಳಿದರು. ಪ್ರವಾಸಿಗರ ಹಣವನ್ನೇ ಉಣ್ಣುವ ಆ ಊರೂ ಸಾಕೆಂದು ಕೈ ಎತ್ತಿತು. ದಿನಕ್ಕೆ ಐದು ದೊಡ್ಡ ಹಡಗುಗಳಿಗಿಂತ ಹೆಚ್ಚು ಬೇಡವೆಂಬ ಒಪ್ಪಂದ 2024ರಿಂದ ಜಾರಿಗೆ ಬಂತು. ಮಿತಿ ಎಂಬುದು ಉದ್ಯೋಗದ ಶತ್ರುವಲ್ಲ. ನಾಳೆಯೂ ಉದ್ಯೋಗವಿರಲಿ ಎಂಬ ಮುನ್ನೋಟ. ಇನ್ನು ಬಡವನ ಮಾತು. ಕಾರಿಗೆ ತೆರೆದ ಕಾಡು ಕಾರಿದ್ದವನಿಗೆ ತೆರೆದ ಕಾಡು. ಬಸ್ಸಿಗೆ ತೆರೆದ ಕಾಡು ಎಲ್ಲರಿಗೂ ಅಷ್ಟಿಷ್ಟಾದರೂ ತೆರೆದಿರುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಷೇಧಿಸಿದಾಗಲೂ ಲೋಕ ಮುಳುಗಿತೆಂದು ಕೂಗೆದ್ದಿತ್ತು. ಲೋಕ ಮುಳುಗಲಿಲ್ಲ, ಪ್ರಾಣಿಗಳಿಗೆ ರಾತ್ರಿಯ ನೆಮ್ಮದಿ ದೊರೆಯಿತು.

ಆದರೆ ಗೇಟಿನಿಂದ ತಡೆಯಲಾಗದ ಸಂಗತಿಗಳೂ ಇವೆ. ಡೆನಾಲಿಯ ಆ ಏಕೈಕ ರಸ್ತೆ ಪ್ರೆಟಿ ರಾಕ್ಸ್ ಎಂಬಲ್ಲಿ ಕುಸಿಯುತ್ತಿತ್ತು. ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲ ಕರಗತೊಡಗಿದ್ದೇ ಕಾರಣ. 2014ಕ್ಕೆ ಮೊದಲು ವರ್ಷಕ್ಕೆ ಕೆಲವು ಅಂಗುಲ ಜಾರುತ್ತಿದ್ದ ರಸ್ತೆ 2017ರ ಹೊತ್ತಿಗೆ ತಿಂಗಳಿಗೆ ಅಷ್ಟು, 2019ರ ಹೊತ್ತಿಗೆ ದಿನಕ್ಕೆ ಅಷ್ಟು ಜಾರಿತು. 2021ರ ಆಗಸ್ಟಿನಲ್ಲಿ ರಸ್ತೆಯನ್ನು ಅರ್ಧದಲ್ಲೇ ಮುಚ್ಚಬೇಕಾಯಿತು. ಅಲ್ಲಿಂದ 2025ರವರೆಗೆ ಪ್ರತಿ ಬೇಸಗೆಯಲ್ಲೂ ಬಸ್ಸುಗಳು 69ನೆಯ ಕಿಲೋಮೀಟರಿನಲ್ಲಿ ಹಿಂದಿರುಗಿದವು. ಕುಸಿತವನ್ನು ದಾಟುವ ಸೇತುವೆಯ ಕೆಲಸ 2023ರಲ್ಲಿ ಶುರುವಾಯಿತು. ಇತ್ತ ಯೂಕಾನ್ ನದಿಯಲ್ಲಿ ಸಾಲ್ಮನ್ ಮೀನು ಎಷ್ಟು ಕ್ಷೀಣಿಸಿತೆಂದರೆ, ಅಲಾಸ್ಕಾ ಮತ್ತು ಕೆನಡಾ 2024ರಲ್ಲಿ ಒಪ್ಪಂದ ಮಾಡಿಕೊಂಡು ಅಲ್ಲಿನ ಚಿನೂಕ್ ಸಾಲ್ಮನ್ ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಿದವು. ಚಳಿಗಾಲಕ್ಕೆ ಮೀನು ಒಣಗಿಸಿ ಬದುಕುತ್ತಿದ್ದ ನದಿದಂಡೆಯ ಹಳ್ಳಿಗಳ ಒಣಗಟ್ಟೆಗಳು ಬರಿದಾದವು. ಬೇಸಗೆಯ ಕೊನೆಯ ಬಣ್ಣಗಳನ್ನು ನೋಡಲು ವಿಮಾನ ಹತ್ತುವವರು ಆ ವಿಮಾನದ ಹೊಗೆಗೂ ಆ ಕರಗುವ ನೆಲಕ್ಕೂ ಸಂಬಂಧವಿದೆ ಎಂಬುದನ್ನು ಮರೆಯಬಾರದು.

ಗಣಿಯ ಕಣ್ಣು ಅಲ್ಲಿಯೂ ಬಿದ್ದಿದೆ. ತಾಮ್ರದ ನಿಕ್ಷೇಪಗಳಿಗಾಗಿ ಗೇಟ್ಸ್ ಆಫ್ ದಿ ಆರ್ಕ್ಟಿಕ್‌ನ ರಕ್ಷಿತ ಪ್ರದೇಶವನ್ನು ಸೀಳಿಕೊಂಡು ಹೋಗುವ, ಸುಮಾರು 340 ಕಿಲೋಮೀಟರ್ ಉದ್ದದ ಆಂಬ್ಲರ್ ರಸ್ತೆಯ ಯೋಜನೆಯನ್ನು 2024ರಲ್ಲಿ ಅಮೆರಿಕ ಸರ್ಕಾರ ತಿರಸ್ಕರಿಸಿತ್ತು. ಸರ್ಕಾರ ಬದಲಾಯಿತು, 2025ರ ಅಕ್ಟೋಬರಿನಲ್ಲಿ ಅದಕ್ಕೇ ಒಪ್ಪಿಗೆ ದೊರೆಯಿತು. ಅದನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಮುಂಚೂಣಿಯಲ್ಲಿದ್ದವರು ಅಲ್ಲಿನ ಮೂಲನಿವಾಸಿ ಸಮುದಾಯಗಳು. ಇಲ್ಲಿಯೇ ಎಲ್ಲ ವಾದಗಳಿಗೂ ಉತ್ತರವಿದೆ. ಜನರಿಲ್ಲದ ಕಾಡಿನ ಪರವಾಗಿ ಮಾತನಾಡುವವರು ಯಾರು? ಪ್ರವಾಸಿಗನ ರಜೆ ಮುಗಿಯುತ್ತದೆ, ಅವನು ಹೊರಡುತ್ತಾನೆ. ಅಧಿಕಾರಿಗೆ ವರ್ಗವಾಗುತ್ತದೆ. ಕಾಡಿನಂಚಿನಲ್ಲಿ ಹುಟ್ಟಿ ಅಲ್ಲಿಯೇ ಸಾಯುವವನು ಮಾತ್ರ ಬುಲ್ಡೋಜರಿನ ಮುಂದೆ ನಿಲ್ಲುತ್ತಾನೆ. ಅವನನ್ನು ಹೊರಹಾಕುವುದೆಂದರೆ ಕಾವಲುಗಾರನನ್ನು ಅಟ್ಟಿ ಮನೆಯ ಬಾಗಿಲನ್ನು ತೆರೆದಿಟ್ಟಂತೆ.

ಆದ್ದರಿಂದ ಉತ್ತರದ ಕಾಡುಗಳಿಗೆ ಹೊರಟಿರುವ ನಮ್ಮ ಊರುಗಳ ಮಕ್ಕಳಿಗೆ ಹೋಗಬೇಡಿ ಎಂದು ಹೇಳುವುದಿಲ್ಲ. ಹೋಗಿ; ಆದರೆ ಬಾಡಿಗೆಯ ಕಾರಿನ ಬದಲು ಆಂಕರೇಜಿನಿಂದ ರೈಲು ಹಿಡಿಯಿರಿ, ಉದ್ಯಾನದೊಳಗೆ ಬಸ್ಸು ಹತ್ತಿರಿ. ಕರಡಿಯಿಂದ 300 ಗಜ ದೂರವಿರಬೇಕೆಂಬ ನಿಯಮವನ್ನು ಒಂದು ಚಿತ್ರದ ಆಸೆಗೆ ಮುರಿಯದಿರಿ. ಆ ಮಹಾಪರ್ವತ ಮೂರು ದಿನಗಳಲ್ಲಿ ಎರಡು ದಿನ ಮೋಡದೊಳಗೆ ಅಡಗಿರುತ್ತದೆ. ಕಾಣದಿದ್ದರೆ ಅದನ್ನು ಕಾಣಲೆಂದೇ ಸಣ್ಣ ವಿಮಾನ ಏರಿ ಆ ಮೌನವನ್ನು ಕೆಡಿಸಬೇಡಿ. ಗ್ಲೇಸಿಯರ್ ಬೇಯಲ್ಲಿ ಟ್ಲಿಂಗಿಟ್ ಜನರ ಕುಲದ ಮನೆಯ ಹೊಸ್ತಿಲಲ್ಲಿ ನಿಂತು, ಈ ನೆಲ ಯಾರದಾಗಿತ್ತು ಎಂದು ಕೇಳಿ.

ಊರಿಗೆ ಬರುವಾಗ ಚಿತ್ರಗಳ ಜೊತೆಗೆ ಆ ಎರಡು ನಿಯಮಗಳನ್ನೂ ತನ್ನಿ: ಹೊರಗಿನವನ ಚಕ್ರಕ್ಕೆ ಮಿತಿ, ಒಳಗಿನವನ ಬದುಕಿಗೆ ಹಕ್ಕು. ನಮ್ಮ ಗ್ರಾಮಸಭೆಗಳಲ್ಲಿ ಅವುಗಳನ್ನು ಕುರಿತು ಮಾತನಾಡಿ. ನಮ್ಮ ಗುಡ್ಡಗಳ ಬುಡದಲ್ಲಿ ಗೇಟು ಹಾಕುವುದಾದರೆ ಹಾಕಲಿ. ಅದು ಯಾರ ಮುಖಕ್ಕೆ ಮುಚ್ಚಬೇಕು ಎಂಬುದನ್ನು ಗುಡ್ಡದ ಜನರೇ ಕೂತು ತೀರ್ಮಾನಿಸಲಿ.