ಕವಾಟ ಹಾಕಿ ಕೈಬಿಟ್ಟರೆ ಹೇಗೆ?

2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದ್ದೇ ತಡ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಕಿಕ್ಕಿರಿದರು. ಕೋವಿಡ್ ಲಸಿಕೆಯೇ ಕಾರಣವೇ ಎಂದು ನಾಯಕರು ಕಿತ್ತಾಡಿದರು. ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಬರಲಿದೆ ಎಂದಿತು ಸರ್ಕಾರ. ಎದೆನೋವು ಬಂದವರಿಗೆ ಇಸಿಜಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಆ ಗದ್ದಲದಲ್ಲಿ ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರ ಮಾತೇ ಬರಲಿಲ್ಲ.

ಚಿಕ್ಕಂದಿನ ಗಂಟಲುಬೇನೆಯಿಂದ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಕೆಡಿಸುತ್ತದೆ. ಇದು ಬಡವರ ಮನೆಯ ಕಾಯಿಲೆ. ಆಪರೇಷನ್ ಆಗಿ ಲೋಹದ ಕವಾಟ ಹಾಕಿಸಿಕೊಂಡವರು ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರಾಮ್ ನುಂಗಬೇಕು. ಮಾತ್ರೆ ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಹೆಚ್ಚಾದರೆ ಮಿದುಳಿನಲ್ಲೇ ರಕ್ತ ಸೋರಬಹುದು. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2ರಿಂದ 3ರೊಳಗೆ, ಮೈಟ್ರಲ್ ಕವಾಟ ಬದಲಿಸಿದವರಿಗೆ 2.5ರಿಂದ 3.5ರೊಳಗೆ ಇರಬೇಕು. ‘ಇವತ್ತು ಒಂದು, ನಾಳೆ ಅರ್ಧ’ ಎಂದು ಡಾಕ್ಟರು ಚೀಟಿ ಬರೆಯುವುದು ಆ ಅಂಕಿ ನೋಡಿಯೇ.

ಅಂಕಿಯೋ, ಒಂದೇ ಕಡೆ ನಿಲ್ಲುವುದಿಲ್ಲ. ಚಾಮರಾಜನಗರ ಜಿಲ್ಲೆಯ ಹರವೆಯ ಮನೆಯಲ್ಲಿ ವಾರವಿಡೀ ಸೊಪ್ಪಿನ ಬಸ್ಸಾರಾದರೆ ಇಳಿಯುತ್ತದೆ. ಅರಿಶಿನ ಕಿತ್ತು ಸೊಂಟ ಹಿಡಿದವರು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಸೊಪ್ಪು ಬಿಡಬೇಕಿಲ್ಲ, ದಿನವೂ ಒಂದೇ ಅಳತೆಯಲ್ಲಿ ತಿಂದರಾಯಿತು ಎಂದು ಕೂರಿಸಿಕೊಂಡು ಹೇಳುವವರು ಬೇಕು. ಪರೀಕ್ಷೆಗೂ ಇಂಥ ಸಲಹೆಗೂ ಚಾಮರಾಜನಗರದಿಂದಲೂ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ, ಒಂದು ದಿನದ ಕೂಲಿ ಬಿಟ್ಟು ಹೋಗು ಎನ್ನುವುದು ಅನ್ಯಾಯ. ಹೋಗಲಾಗದವರು ಹಳೇ ಚೀಟಿಯಲ್ಲೇ ತಿಂಗಳುಗಟ್ಟಲೆ ದೂಡುತ್ತಾರೆ.

ಪರೀಕ್ಷೆ ಬೇಡದ ಹೊಸ ಮಾತ್ರೆ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಲೋಹದ ಕವಾಟದವರಿಗೆ ಡಾಬಿಗಾಟ್ರಾನ್ ಎಂಬ ಹೊಸ ಮಾತ್ರೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ರಕ್ತಸ್ರಾವವೂ ಹೆಚ್ಚಿದವು. ಪ್ರಯೋಗವನ್ನೇ ನಡುವೆ ನಿಲ್ಲಿಸಬೇಕಾಯಿತು. ರುಮ್ಯಾಟಿಕ್ ಕಾಯಿಲೆಯಿಂದ ಹೃದಯದ ಬಡಿತ ತಪ್ಪಿದವರ ಮೇಲೆ ಭಾರತವೂ ಸೇರಿ ಹಲವು ದೇಶಗಳಲ್ಲಿ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅದರಲ್ಲೂ ರಿವರಾಕ್ಸಬಾನ್ ಎಂಬ ಹೊಸ ಮಾತ್ರೆಗಿಂತ ಹಳೆಯ ಮಾತ್ರೆ ನುಂಗಿದವರಲ್ಲೇ ಸಾವು ಕಡಿಮೆ. ಅಂದರೆ ಈ ಬಡವರಿಗೆ ಹಳೆಯ ಮಾತ್ರೆಯೇ ಗತಿ, ಅದರ ಜೊತೆ ರಕ್ತಪರೀಕ್ಷೆಯೂ.

ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ನಿಮಿಷಗಳೊಳಗೆ ಐಎನ್‌ಆರ್ ಹೇಳುವ ಯಂತ್ರ ಅಂಗೈಯಗಲದ್ದು. ಜರ್ಮನಿಯಲ್ಲಿ ರೋಗಿಗಳು ಅದನ್ನು ಮನೆಯಲ್ಲೇ ಬಳಸುತ್ತಾರೆ. ಹರವೆಯಂಥ ಪ್ರತಿ ಹೋಬಳಿಯ ಸರ್ಕಾರಿ ಆಸ್ಪತ್ರೆಗೂ ಅಂಥದ್ದೊಂದು ಬರಲಿ, ಅದರ ಪರೀಕ್ಷಾ ಪಟ್ಟಿಗಳು ಖಾಲಿಯಾಗದಿರಲಿ. ಇಸಿಜಿ ನೋಡಿ ಸಲಹೆ ಕೊಡುವ ಜಯದೇವದ ತಜ್ಞರೇ ಐಎನ್‌ಆರ್ ನೋಡಿ ಅದೇ ದಿನ ಡೋಸ್ ತಿಳಿಸುವ ಏರ್ಪಾಡು ‘ಹೃದಯ ಜ್ಯೋತಿ’ಯಲ್ಲೇ ಸೇರಲಿ.