ಲೆಕ್ಕ ಕೂಡಿತು, ಮನಸ್ಸು ಕೂಡಿತೆ?

ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದ ನಾಲ್ಕು ಬ್ಯಾಂಕುಗಳ ಹೆಸರು ಮೂರೇ ವರ್ಷಗಳ ಅವಧಿಯಲ್ಲಿ ಅಳಿದುಹೋಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಅದೇ ದಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾವನ್ನು ಸೇರಿತು. 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಕರಗಿದವು. 2017ರಲ್ಲಿ 27 ಇದ್ದ ಸರಕಾರಿ ಬ್ಯಾಂಕುಗಳು 2020ರ ಹೊತ್ತಿಗೆ 12ಕ್ಕೆ ಇಳಿದವು.

ಹೋದ ಹೆಸರಿಗಾಗಿ ಅಳುತ್ತ ಕೂರುವುದು ನಮ್ಮ ಉದ್ದೇಶವಲ್ಲ. ಬೋರ್ಡು ಬದಲಾದ ಮಾತ್ರಕ್ಕೆ ದುಡಿಯುವವನಿಗೆ ನಷ್ಟವಿಲ್ಲ. ಬೋರ್ಡಿನ ಕೆಳಗೆ ಕುಳಿತು ದುಡಿಯುವವನ ಗತಿ ಏನಾಯಿತು ಎಂಬುದೇ ನಮ್ಮ ಪ್ರಶ್ನೆ.

ವಿಲೀನ ಮಾಡಿದವರು ಷೇರುದಾರರ ಲೆಕ್ಕವನ್ನು ಬಹು ಎಚ್ಚರಿಕೆಯಿಂದ ಹಾಕಿದರು. ವಿಜಯಾ ಬ್ಯಾಂಕಿನ 1000 ಷೇರಿಗೆ ಬರೋಡಾದ 402. ಸಿಂಡಿಕೇಟಿನ 1000ಕ್ಕೆ ಕೆನರಾದ 158. ಕಾರ್ಪೊರೇಷನ್ನಿನ 1000ಕ್ಕೆ ಯೂನಿಯನ್ನಿನ 330. ಒಂದು ಷೇರೂ ಆಚೀಚೆ ಆಗದಂತೆ ತೂಗಿದರು. ಆದರೆ ಇಪ್ಪತ್ತು ವರ್ಷ ಒಂದೇ ಪೇಟೆಯಲ್ಲಿ ಕುಳಿತು, ಯಾವ ಅಂಗಡಿಯವನು ಮಾತಿಗೆ ತಪ್ಪುವವನಲ್ಲ, ಯಾವ ಹಂಗಾಮಿನಲ್ಲಿ ಯಾರ ಕೈ ಬರಿದಾಗುತ್ತದೆ ಎಂಬುದನ್ನೆಲ್ಲ ಬಲ್ಲ ಗುಮಾಸ್ತನ ಅನುಭವದ ಬೆಲೆ ಎಷ್ಟು? ಅದನ್ನು ಯಾವ ತಕ್ಕಡಿಯಲ್ಲಿಯೂ ಇಡಲಿಲ್ಲ.

ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಸರಕಾರ ಮಾತು ಕೊಟ್ಟಿತು. ಸಂಬಳ ಸೌಲಭ್ಯಗಳು ಮೊದಲಿಗಿಂತ ಕಡಮೆಯಾಗವೆಂದೂ ಹೇಳಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂಬಳ ಒಂದರಿಂದಲೇ ಮನುಷ್ಯನಿಗೆ ಕೆಲಸದಲ್ಲಿ ಹುರುಪು ಬರುವುದಿಲ್ಲ. ಕೈ ಬದಲಾದ ಗಿರಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮಗ್ಗ, ಅದೇ ಪಾಳಿ, ಅದೇ ಕೂಲಿ. ಆದರೂ ನಿನ್ನೆಯ ಹಿರಿಯ ಇಂದು ಹೊಸಬ. "ನಮ್ಮಲ್ಲಿ ಹೀಗೆ ಮಾಡುವುದಿಲ್ಲ" ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬ್ಯಾಂಕಿನಲ್ಲಿಯೂ ಅಷ್ಟೆ. ಎರಡು ಜ್ಯೇಷ್ಠತಾ ಪಟ್ಟಿಗಳು ಒಂದಾಗುವಾಗ ಬಡ್ತಿಯ ಸಾಲಿನಲ್ಲಿ ತನ್ನ ಸ್ಥಾನ ಎಲ್ಲಿ ಎಂಬ ಚಿಂತೆ. ಒಂದೇ ಬೀದಿಯ ಎರಡು ಶಾಖೆಗಳಲ್ಲಿ ಒಂದನ್ನು ಮುಚ್ಚಿದರೆ ಯಾವ ಊರಿಗೆ ವರ್ಗವಾದೀತೋ ಎಂಬ ಭಯ. ಕಂಪ್ಯೂಟರಿನ ಹೊಸ ಪದ್ಧತಿ ಕೈಗೆ ಹತ್ತುವ ಮೊದಲೇ ಕೌಂಟರಿನ ಮುಂದೆ ಬೆಳೆಯುವ ಸಾಲು. 2020ರ ವಿಲೀನಗಳಂತೂ ಲಾಕ್‌ಡೌನಿನ ನಡುವೆ ನಡೆದವು. ಒಂದೇ ಸಂಸ್ಥೆಯವರಾದವರು ಕೂಡಿ ಕುಳಿತು ನಾಲ್ಕು ಮಾತಾಡುವ ಹಾಗೂ ಇರಲಿಲ್ಲ.

ಇದರಿಂದ ನಮಗೇನು ಎಂದು ಅಂಗಡಿಕಾರರು ಕೇಳಬಹುದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತೆರೆದು, ಮನೆಬಾಗಿಲಿಗೆ ಬಂದು ದಿನದ ಎರಡಾಣೆಯನ್ನೂ ಪಡೆದುಕೊಂಡಿತು. ಅಂಥ ಬ್ಯಾಂಕು ಬೆಳೆದದ್ದು ಮನುಷ್ಯನ ಪರಿಚಯದ ಮೇಲೆ. ಪರಿಚಯವಿದ್ದ ನೌಕರ ದೂರ ಹೋಗಿ, ಕನ್ನಡ ಬಾರದವರು ಆ ಜಾಗಕ್ಕೆ ಬಂದರೆ, ಸಣ್ಣ ಸಾಲ ಕೇಳುವವನ ಪರವಾಗಿ ಮಾತಾಡಲು ಕಾಗದಪತ್ರದ ಹೊರತು ಬೇರೆ ಸಾಕ್ಷಿ ಉಳಿಯುವುದಿಲ್ಲ. 2021ರಲ್ಲಿ ವಿಜಯಾ, ಸಿಂಡಿಕೇಟ್ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ರದ್ದಾದವು. ಇಂಥ ಬದಲಾವಣೆ ಬಂದಾಗಲೆಲ್ಲ ಸಾಲಿನಲ್ಲಿ ನಿಂತವನ ಸಿಟ್ಟು ತಿರುಗುವುದು ಗುಮಾಸ್ತನ ಕಡೆಗೆ. ತೀರ್ಮಾನ ಮಾಡಿದವರು ದಿಲ್ಲಿಯಲ್ಲಿ; ಬೈಗುಳ ತಿನ್ನುವವನು ಕೌಂಟರಿನ ಹಿಂದೆ!

ಇಲ್ಲಿ ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. 1969ರ ಜುಲೈ 19ರಂದು 14 ಬ್ಯಾಂಕುಗಳೂ 1980ರ ಏಪ್ರಿಲ್ 15ರಂದು 6 ಬ್ಯಾಂಕುಗಳೂ ರಾಷ್ಟ್ರೀಕರಣವಾದಾಗ ಸಮಾಜವಾದಿಗಳು ಹರ್ಷಿಸಿದರು. ಆ ಹರ್ಷ ಸರಿಯಾದದ್ದೇ. ಆದರೆ ಒಡೆತನ ಬದಲಾದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದು ನಂಬಿದ್ದು ತಪ್ಪು. 1970ರ ಕಾನೂನು ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ನೌಕರರಿಗೂ ಅಧಿಕಾರಿಗಳಿಗೂ ಸ್ಥಾನ ಕೊಟ್ಟಿತ್ತು. ವಿಲೀನದ ಮಾತು ಬಂದ ಹೊತ್ತಿಗೆ ಹಲವು ಬ್ಯಾಂಕುಗಳಲ್ಲಿ ಆ ಕುರ್ಚಿಗಳೇ ಖಾಲಿ ಬಿದ್ದಿದ್ದವು. 2018ರ ಡಿಸೆಂಬರ್ 26ರಂದು ಬರೋಡಾ ವಿಲೀನವನ್ನು ವಿರೋಧಿಸಿ ದೇಶದ ಬ್ಯಾಂಕು ನೌಕರರು ಮುಷ್ಕರ ಹೂಡಿದರು. ಸರಿಯಾಗಿ ಒಂದು ವಾರಕ್ಕೆ, 2019ರ ಜನವರಿ 2ರಂದು, ಕೇಂದ್ರ ಮಂತ್ರಿಮಂಡಲ ಆ ವಿಲೀನಕ್ಕೆ ಒಪ್ಪಿಗೆ ನೀಡಿತು. ಕೇಳುವ ಕಿವಿ ಇಲ್ಲದ ಕಡೆ ಮನಸ್ಸುಗಳು ಹೇಗೆ ಕೂಡಿಯಾವು?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ನೌಕರರ ಕುರ್ಚಿಯನ್ನು ಖಾಲಿ ಇಟ್ಟುಕೊಂಡ ಯಾವ ಮಂಡಳಿಯೂ ಇನ್ನು ಮುಂದೆ ವಿಲೀನದ ನಿರ್ಣಯ ಮಾಡಕೂಡದು. ಜ್ಯೇಷ್ಠತೆಯ ಪಟ್ಟಿಯನ್ನೂ ವರ್ಗಾವಣೆಯ ನಿಯಮವನ್ನೂ ಮುಂಚಿತವಾಗಿ ಪ್ರಕಟಿಸಿ ಆಕ್ಷೇಪ ಕೇಳಬೇಕು. ಜನರ ಎದುರು ಕೂರುವವರು ಜನರ ಭಾಷೆ ಬಲ್ಲವರಾಗಿರಬೇಕು.

ಗಿರಣಿಯ ಬಂಧುಗಳಿಗೂ ಅಂಗಡಿಯ ಮಿತ್ರರಿಗೂ ಒಂದು ಮಾತು. ಮುಂದಿನ ಸಲ ಬ್ಯಾಂಕಿನ ಸಾಲಿನಲ್ಲಿ ನಿಂತು ಬೇಸತ್ತಾಗ, ಗಾಜಿನ ಆಚೆ ಕುಳಿತವನೂ ದುಡಿಯುವವನೇ ಎಂಬುದನ್ನು ನೆನೆಯಿರಿ. ಅವನನ್ನು ಕೇಳದೆ ಅವನ ಬ್ಯಾಂಕನ್ನು ಕೂಡಿಸಿದಂತೆಯೇ ನಿಮ್ಮನ್ನು ಕೇಳದೆ ನಿಮ್ಮ ಖಾತೆಯನ್ನೂ ಕೂಡಿಸಿದರು. ಸಿಟ್ಟು ಬರಲಿ, ಆದರೆ ಅದು ಸಲ್ಲಬೇಕಾದ ವಿಳಾಸಕ್ಕೆ ಸಲ್ಲಲಿ.