ಹಾಳೂರಿನ ಮಣ್ಣು ಮಾರಬ್ಯಾಡ್ರಿ, ಹೇರಬ್ಯಾಡ್ರಿ

ಬೇವೂರು ಮತ್ತು ಸುತ್ತಲ ಹಳ್ಳಿಗಳ ಹಿರಿಯರೇ, ರೈತ ಬಾಂಧವರೇ, ತಾಯಂದಿರೇ,

ನಮ್ಮ ಸೀಮೆಯಲ್ಲಿ ಹೊಲದ ನಡುವೆಯೋ ಹಳ್ಳದ ದಂಡೆಗೋ ಬೂದಿಬಣ್ಣದ ಮಣ್ಣಿನ ದಿಬ್ಬ ಕಂಡರೆ ಹಿರಿಯರು ಹಾಳೂರು ಎನ್ನುತ್ತಾರೆ. ಕುಂಟೆ ಹೊಡೆದರೆ ಅಲ್ಲಿ ಗಡಿಗೆಯ ಬೋಕಿ ಏಳುತ್ತದೆ, ಎಲುಬಿನ ಚೂರು ಏಳುತ್ತದೆ, ಒಮ್ಮೊಮ್ಮೆ ನುಣ್ಣಗೆ ತಿಕ್ಕಿದ ಕಲ್ಲಿನ ಕೊಡಲಿಯೂ ಸಿಗುತ್ತದೆ. ಜನ ಒಲೆ ಹೂಡಿ, ದನ ಕಟ್ಟಿ, ಬಿತ್ತಿ ಬೆಳೆದು ಬಾಳಿದ ಊರು ಅದು. ಇಂಥ ದಿಬ್ಬಗಳು ಜೆಸಿಬಿ ಬಾಯಿಗೆ ಬಿದ್ದು ಟ್ರ್ಯಾಕ್ಟರ್ ಏರಿ ಹೋಗುತ್ತಿವೆ.

ಹಾಳಮಣ್ಣು ಬೆಳೆಗೆ ಒಳ್ಳೆಯದು ಎಂಬ ಮಾತು ಸುಳ್ಳಲ್ಲ. ತಲೆತಲಾಂತರದ ಸಗಣಿ, ಬೂದಿ, ಎಲುಬು ಅದರಲ್ಲಿ ಬೆರೆತಿದೆ. ಆದರೆ ಆ ಜನರ ಬದುಕಿಗೆ ಇರುವ ಸಾಕ್ಷಿಯೂ ಅದೇ. ಗೊಬ್ಬರಕ್ಕೆ ತಿಪ್ಪೆಯಿದೆ, ಕುರಿ ನಿಲ್ಲಿಸುವುದಿದೆ. ಒಮ್ಮೆ ಅಗೆದ ಹಾಳೂರನ್ನು ಮತ್ತೆ ಕಟ್ಟಲಾಗದು.

ಬರೀ ಬೂದಿಯಲ್ಲಿ ಏನಿದೆ ಎಂದು ಕೇಳುವವರು ಯಾದಗಿರಿ ಜಿಲ್ಲೆಯ ಬೂದಿಹಾಳವನ್ನು ನೋಡಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಲ್ಲಿ ಉತ್ಖನನ ನಡೆಸಿದಾಗ ದನದ ಹಟ್ಟಿ, ಅದರ ಮಗ್ಗುಲಲ್ಲೇ ಮನೆಗಳು, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ಗಡಿಗೆಯಲ್ಲಿಟ್ಟು ಹೂಳಿದ ಕೂಸುಗಳು ಸಿಕ್ಕವು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಮಣ್ಣನ್ನು ನೀರಿಗೆ ಹಾಕಿ ತೇಲಿಸಿ ನೋಡಿದರೆ ಸುಟ್ಟ ಕಾಳು ಮೇಲೆ ಬಂದವು: ಹುರುಳಿ, ಹೆಸರು, ಕೊರಲೆ. ಇಂದಿಗೂ ನಾವು ಬಿತ್ತುವ ಕಾಳುಗಳೇ! ನಮ್ಮದೇ ಜಿಲ್ಲೆಯ ತೇರದಾಳದಲ್ಲೂ 3,500 ವರ್ಷಕ್ಕೂ ಹಿಂದಿನ ನೆಲೆ ಬೆಳಕಿಗೆ ಬಂದಿದೆ. ಯಾವ ಪದರದಲ್ಲಿ ಯಾವುದಿತ್ತು ಎಂದು ಗೊತ್ತಿದ್ದುದರಿಂದಲೇ ಇಷ್ಟೆಲ್ಲ ತಿಳಿಯಿತು. ಟ್ರೇಲರಿನಲ್ಲಿ ಕಲಸಿಹೋದ ಮಣ್ಣಿನಿಂದ ಏನೂ ತಿಳಿಯದು.

ಐಹೊಳೆ, ಬಾದಾಮಿಗಳಿಗೆ ಸರಕಾರದ ಕಾವಲಿದೆ. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದು ನಮಗೆಲ್ಲ ಹೆಮ್ಮೆ. ಆದರೆ ಗುಡಿ ಕಟ್ಟಿಸಿದ ಅರಸರ ಹೆಸರು ಶಾಸನದಲ್ಲಿದೆ, ಉತ್ತು ಬಿತ್ತಿದವರ ಹೆಸರು ಎಲ್ಲಿಯೂ ಇಲ್ಲ. ಅವರು ಬಿಟ್ಟುಹೋದದ್ದು ಈ ದಿಬ್ಬ, ಅದರ ಸುತ್ತ ಮಾಸಿಹೋದ ಹಳೆಯ ಒಡ್ಡು, ಕಲ್ಲಿನ ಸಾಲು, ಅಷ್ಟೇ. ಸಂರಕ್ಷಿತ ಎಂದು ಘೋಷಣೆಯಾಗದ ಇಂಥ ಜಾಗಕ್ಕೆ ಫಲಕವಿಲ್ಲ, ಕಾವಲುಗಾರನಿಲ್ಲ. ಕಾಯುವವರು ನಾವೇ.

ಆದ್ದರಿಂದ ಕೈ ಮುಗಿದು ಕೇಳುತ್ತೇವೆ. ಹಾಳಮಣ್ಣನ್ನು ಮಾರಬೇಡಿ, ಕೊಳ್ಳಲೂಬೇಡಿ. ಹೊಲ ಸಮ ಮಾಡಿಸುವ ಮುನ್ನ ದಿಬ್ಬವನ್ನೂ ಹಳೆಯ ಒಡ್ಡನ್ನೂ ಒಮ್ಮೆ ಹಿರಿಯರಿಗೆ, ಶಾಲೆಯ ಗುರುಗಳಿಗೆ ತೋರಿಸಿ, ಫೋಟೊ ತೆಗೆದಿಡಿ, ಸರ್ವೆ ನಂಬರ್ ಬರೆದಿಡಿ. ಬೋಕಿ, ಕಲ್ಲಿನ ಕೊಡಲಿ ಕಂಡರೆ ಮನೆಗೆ ಒಯ್ಯದೆ ಅಲ್ಲೇ ಬಿಟ್ಟು ಪಂಚಾಯ್ತಿಗೆ ಸುದ್ದಿ ಮುಟ್ಟಿಸಿ. ನಿಧಿಯಾಸೆಗೆ ರಾತ್ರಿ ಗುದ್ದಲಿ ಹಿಡಿದು ಬರುವವರಿಗೆ ಊರಲ್ಲಿ ಜಾಗ ಕೊಡಬೇಡಿ. ಹಾಳೂರುಗಳಲ್ಲಿ ಸಿಗುವುದು ಬಂಗಾರವಲ್ಲ, ಬೂದಿ ಮತ್ತು ಬೋಕಿ.

ಹೊಲದ ಒಡೆಯರಿಗೆ ನಷ್ಟವಾಗಬಾರದು ಎಂಬುದು ನಮ್ಮ ಗಟ್ಟಿ ನಿಲುವು. ದಿಬ್ಬ ಉಳಿಸಿಕೊಂಡ ರೈತನಿಗೆ ಏನು ನೆರವು ಕೊಡಬಹುದೆಂದು ಪಂಚಾಯ್ತಿ ಮತ್ತು ಪುರಾತತ್ವ ಇಲಾಖೆ ಮುಂದೆ ಬಂದು ಹೇಳಬೇಕು. ಅದನ್ನು ಒಬ್ಬೊಬ್ಬರೇ ಕೇಳಿದರೆ ಆಗದು.

ಬರುವ ಗ್ರಾಮಸಭೆಗೆ ಮನೆಗೊಬ್ಬರಂತೆ ಬನ್ನಿ. ನಮ್ಮ ಸೀಮೆಯ ಹಾಳೂರುಗಳ ಪಟ್ಟಿ ಮಾಡಿ, ಇಲಾಖೆಯಿಂದ ಸರ್ವೆ ಆಗುವವರೆಗೆ ಅಲ್ಲಿಂದ ಮಣ್ಣು ಎತ್ತಬಾರದೆಂದು ಠರಾವು ಮಾಡಿಸೋಣ.

ಬೇವೂರು ಸೀಮೆಯ ರೈತರು ಮತ್ತು ವಿದ್ಯಾರ್ಥಿಗಳು